ಮೊದಲ ಪ್ರದರ್ಶನ ವೈಮಾನಿಕರು

ತಲೆಯ ಮೇಲೆ ವಿಮಾನದ ಸದ್ದು ಕೇಳಿಸಿದರೆ ಇಂದು ಬೀದಿಯ ಮಕ್ಕಳು ಸಹ ಆಟವನ್ನು ನಿಲ್ಲಿಸಿ ಮೇಲಕ್ಕೆ ನೋಡುವುದು ಅಪರೂಪ. ರೈಲಿನಲ್ಲಿ ಕುಳಿತಷ್ಟೇ ನಿಶ್ಚಿಂತೆಯಿಂದ ಜನರು ಅದರಲ್ಲಿ ಕುಳಿತು, ವೃತ್ತಪತ್ರಿಕೆಯನ್ನು ಓದುತ್ತ, ನಡುನಡುವೆ ತೂಕಡಿಸುತ್ತ, ಸಮುದ್ರಗಳನ್ನು ದಾಟಿಬಿಡುತ್ತಾರೆ. ಆದರೆ ಇದೇ ಯಂತ್ರವು ನೆಲವನ್ನು ಬಿಟ್ಟು ಮರಗಳೆತ್ತರಕ್ಕೆ ಏರುವುದನ್ನು ಕಣ್ಣಾರೆ ಕಾಣಬೇಕೆಂದು ಸಾವಿರಗಟ್ಟಲೆ ಜನರು ಹಣವನ್ನು ತೆತ್ತು, ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದು ನಿಲ್ಲುತ್ತಿದ್ದ ಕಾಲವೊಂದಿದ್ದಿತು. 1910ನೆಯ ಇಸವಿಯಿಂದ ಐದಾರು ವರ್ಷಗಳ ಕಾಲ ಅಮೆರಿಕ ದೇಶದ ಊರೂರುಗಳಲ್ಲಿ ವಿಮಾನವನ್ನು ಹಾರಿಸಿ ತೋರಿಸುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡ ತರುಣರ ಒಂದು ಪಂಗಡವು ಹುಟ್ಟಿ, ಬೆಳಗಿ, ಬಹುಬೇಗ ಅಳಿದುಹೋಯಿತು. ಅವರಲ್ಲಿ ಕೆಲವರ ವೃತ್ತಾಂತವನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಸಾಹಸದ ಕಥೆಗಳನ್ನು ಹೇಳುವುದು ಸುಲಭ, ಕೇಳುವುದು ಇನ್ನೂ ಸುಲಭ. ಆದರೆ ಈ ವೈಮಾನಿಕರ ಚರಿತ್ರೆಯನ್ನು ಓದುವಾಗಲೆಲ್ಲ ಒಂದು ಪ್ರಶ್ನೆಯು ನಮ್ಮನ್ನು ಬಿಡದೆ ಕಾಡುತ್ತದೆ. ಇಷ್ಟು ಜನ ತರುಣರು, ಹಲವರು ಮೂವತ್ತನ್ನು ಸಹ ಮುಟ್ಟದವರು, ಆಟದ ಮೈದಾನಗಳಲ್ಲಿ ಪ್ರಾಣವನ್ನು ಚೆಲ್ಲಿದರಲ್ಲ, ಅದರಿಂದ ಲೋಕಕ್ಕೆ ದೊರೆತದ್ದೇನು? ವಿಜ್ಞಾನಕ್ಕಾಗಿ ಬಲಿಯಾದರೆಂದು ಒಂದೇ ಮಾತಿನಲ್ಲಿ ಹೇಳಿ ಕೈಮುಗಿದುಬಿಡಬಹುದು. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸಿ ನೋಡುವುದು ಅವರಿಗೆ ಸಲ್ಲಿಸಬಹುದಾದ ಹೆಚ್ಚಿನ ಗೌರವವೆಂದು ನಮಗೆ ತೋರುತ್ತದೆ.

ವಿಲ್ಬರ್ ಮತ್ತು ಆರ್ವಿಲ್ ಎಂಬ ರೈಟ್ ಸಹೋದರರು 1903ನೆಯ ಡಿಸೆಂಬರ್ 17ರಂದು ಕಿಟಿಹಾಕ್ ಎಂಬಲ್ಲಿಯ ಮರಳಿನ ದಂಡೆಯ ಮೇಲೆ ಎಂಜಿನಿನ ಬಲದಿಂದ ಹಾರಿದ ಸಂಗತಿಯು ಎಲ್ಲರಿಗೂ ತಿಳಿದದ್ದೇ. ಆ ದಿನದ ಅತ್ಯಂತ ದೀರ್ಘವಾದ ಹಾರಾಟವು 59 ಸೆಕೆಂಡುಗಳದು. ಕ್ರಮಿಸಿದ ದೂರ 852 ಅಡಿ. ಅದನ್ನು ಕಂಡವರು ಬೆರಳೆಣಿಕೆಯಷ್ಟು ಮಂದಿ. ಮುಂದೆ ಹಲವು ವರ್ಷಗಳವರೆಗೆ ಲೋಕವು ಈ ಸುದ್ದಿಯನ್ನು ನಂಬಿಯೂ ನಂಬದಂತಿದ್ದಿತು. 1908ನೆಯ ಆಗಸ್ಟ್ 8ರಂದು ವಿಲ್ಬರನು ಫ್ರಾನ್ಸಿನ ಲೆ ಮಾನ್ ಪಟ್ಟಣದ ಬಳಿ ಬಹಿರಂಗವಾಗಿ ಹಾರಿ ತೋರಿಸಿದ ಮೇಲೆ ಸಂಶಯವು ತೊಲಗಿತು. ಮರುವರ್ಷ ಜುಲೈ 25ರಂದು ಬ್ಲೇರಿಯೋ ಎಂಬ ಫ್ರೆಂಚನು ಇಂಗ್ಲಿಷ್ ಕಡಲುಗಾಲುವೆಯನ್ನು ದಾಟಿದನು. ಆಗಸ್ಟಿನಲ್ಲಿ ರೀಮ್ಸ್ ಪಟ್ಟಣದಲ್ಲಿ ನಡೆದ ದೊಡ್ಡ ವಿಮಾನ ಮೇಳದಲ್ಲಿ ಅಮೆರಿಕದ ಗ್ಲೆನ್ ಕರ್ಟಿಸನು ವೇಗದ ಪಂದ್ಯವನ್ನು ಗೆದ್ದನು. ಜನರ ಕುತೂಹಲವು ಹೊತ್ತಿ ಉರಿಯಲು ಇಷ್ಟು ಸಾಕಾಯಿತು.

ಆದರೆ ಕುತೂಹಲವು ಬೇರೆ, ವ್ಯಾಪಾರವು ಬೇರೆ. ರೈಟ್ ಸಹೋದರರ ಕಂಪನಿಯು 1909ರ ನವೆಂಬರಿನಲ್ಲಿ ಸ್ಥಾಪಿತವಾದಾಗ ಅವರ ಯಂತ್ರವನ್ನು ಕೊಳ್ಳುವವರು ಬಹಳ ಮಂದಿ ಇರಲಿಲ್ಲ. ಅದು ಸರಕನ್ನು ಸಾಗಿಸಲಾರದು. ನಡೆಸುವವನ ಜೊತೆಗೆ ಒಬ್ಬನನ್ನು ಹೊತ್ತರೆ ಅದೇ ಹೆಚ್ಚು. ಗಾಳಿ ಬೀಸಿದರೆ ಕೊಟ್ಟಿಗೆಯಲ್ಲಿಯೇ ಉಳಿಯಬೇಕು. ಸೈನ್ಯದವರು ಒಂದೆರಡನ್ನು ಕೊಂಡು ಪರೀಕ್ಷಿಸುತ್ತಿದ್ದರೇ ಹೊರತು ಹೆಚ್ಚಿಗೆ ಕೇಳುತ್ತಿರಲಿಲ್ಲ. ಹೀಗಿರುವಾಗ ಆ ಯಂತ್ರದಿಂದ ಮಾರಬಹುದಾಗಿದ್ದ ಪದಾರ್ಥವು ಒಂದೇ, ಅದರ ದರ್ಶನ. ಪ್ರದರ್ಶನದ ವೈಮಾನಿಕನೆಂಬ ಹೊಸ ವೃತ್ತಿಯು ಹುಟ್ಟಿದ್ದು ಹೀಗೆ.

ಈ ಕೆಲಸವನ್ನು ನಡೆಸಲು ರೈಟರು ರಾಯ್ ನೇಬನ್‌ಷೂ ಎಂಬವನನ್ನು ನಿಯಮಿಸಿದರು. ಅವನು ಮೊದಲೇ ವಾಯುನೌಕೆಗಳನ್ನು ಜನರ ಮುಂದೆ ಹಾರಿಸಿ ಪಳಗಿದವನು. 1910ನೆಯ ವಸಂತಕಾಲದಲ್ಲಿ ಅಲಬಾಮ ಸಂಸ್ಥಾನದ ಮಾಂಟ್‌ಗೊಮೆರಿಯಲ್ಲಿ ಆರ್ವಿಲನು ಶಿಷ್ಯರಿಗೆ ಪಾಠವನ್ನು ಆರಂಭಿಸಿದನು. ಜೂನ್ ತಿಂಗಳಿನಲ್ಲಿ ಇಂಡಿಯಾನಪೊಲಿಸ್ ನಗರದಲ್ಲಿ ಮೊದಲನೆಯ ಪ್ರದರ್ಶನವು ನಡೆಯಿತು. ವೈಮಾನಿಕನಿಗೆ ವಾರಕ್ಕೆ 20 ಡಾಲರು ಸಂಬಳ. ಹಾರಿದ ದಿನಕ್ಕೆ 50 ಡಾಲರು ಬೇರೆ. ಧರ್ಮಗುರುವಿನ ಮಕ್ಕಳಾದ ಸಹೋದರರು ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿದ್ದರು. ಕುಡಿಯಕೂಡದು, ಜೂಜಾಡಕೂಡದು, ಭಾನುವಾರ ಹಾರಕೂಡದು. ಸಾಮಾನ್ಯ ಕೂಲಿಗಾರನಿಗೆ ದಿನಕ್ಕೆರಡು ಡಾಲರು ಸಿಕ್ಕುವುದೂ ಕಷ್ಟವಾಗಿದ್ದ ಕಾಲದಲ್ಲಿ 50 ಡಾಲರೆಂದರೆ ದೊಡ್ಡ ಹಣ. ಆ ಹಣವು ಯಾವುದರ ಬೆಲೆಯೆಂಬುದು ಬೇಗನೆ ಎಲ್ಲರಿಗೂ ತಿಳಿಯಿತು.

ಅವರು ಏರುತ್ತಿದ್ದ ಯಂತ್ರವು ಎಂತಹುದೆಂಬುದನ್ನು ಕೇಳುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಹಗುರವಾದ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಒಂದರ ಮೇಲೊಂದು ಎರಡು ರೆಕ್ಕೆಗಳು, ಅವುಗಳ ನಡುವೆ ಕಂಬಗಳೂ ತಂತಿಗಳೂ. ದೂರದಿಂದ ನೋಡಿದರೆ ದೊಡ್ಡದೊಂದು ಪೆಟ್ಟಿಗೆ ಗಾಳಿಪಟ. ಸುಮಾರು 30 ಅಶ್ವಶಕ್ತಿಯ ಎಂಜಿನು ಬೈಸಿಕಲ್ಲಿಗಿರುವಂತಹ ಸರಪಣಿಗಳ ಮೂಲಕ ಎರಡು ಸುತ್ತುಗೋಲುಗಳನ್ನು ತಿರುಗಿಸುತ್ತಿದ್ದಿತು. ವೈಮಾನಿಕನಿಗೆ ಕೋಣೆಯಿಲ್ಲ, ಗಾಜಿನ ಮರೆಯಿಲ್ಲ. ಕೆಳಗಿನ ರೆಕ್ಕೆಯ ಮುಂದಿನ ಅಂಚಿನ ಮೇಲೆ ಕಾಲುಗಳನ್ನು ಇಳಿಯಬಿಟ್ಟು, ಎರಡು ಕೈಗಳಲ್ಲಿ ಎರಡು ಹಿಡಿಗೋಲುಗಳನ್ನು ಹಿಡಿದು ಬಯಲಿನಲ್ಲಿ ಕುಳಿತಿರಬೇಕು. ರೆಕ್ಕೆಯ ತುದಿಗಳನ್ನು ತಂತಿಗಳಿಂದ ತಿರುಚಿ ಸಮತೋಲವನ್ನು ಕಾಪಾಡಿಕೊಳ್ಳಬೇಕು. ಅನೇಕರು ತಮ್ಮನ್ನು ಆಸನಕ್ಕೆ ಕಟ್ಟಿಕೊಳ್ಳುತ್ತಲೂ ಇರಲಿಲ್ಲ. ಬಿದ್ದರೆ ಕಾಪಾಡುವ ಕೊಡೆ ಅವರ ಬೆನ್ನಿಗಿರಲಿಲ್ಲ.

ಈ ತಂಡದಲ್ಲಿ ರಾಲ್ಫ್ ಜಾನ್‌ಸ್ಟನ್ ಮತ್ತು ಆರ್ಚ್ ಹಾಕ್ಸಿ ಎಂಬ ಇಬ್ಬರು ಬಹುಬೇಗ ಹೆಸರಾದರು. ಜಾನ್‌ಸ್ಟನ್ನನು ನಾಟಕಶಾಲೆಗಳಲ್ಲಿ ಬೈಸಿಕಲ್ಲಿನ ಮೇಲೆ ಚಮತ್ಕಾರಗಳನ್ನು ಮಾಡಿ ಹೊಟ್ಟೆ ಹೊರೆದವನು. ಪ್ರೇಕ್ಷಕರು ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆಂಬುದನ್ನು ಬಲ್ಲವನು. ಹಾಕ್ಸಿಯು 1910ರ ಅಕ್ಟೋಬರ್ 11ರಂದು ಸೇಂಟ್ ಲೂಯಿಸಿನಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನನ್ನು ಕೂರಿಸಿಕೊಂಡು ಹಾರಿ ದೇಶದಲ್ಲೆಲ್ಲ ಪ್ರಸಿದ್ಧನಾದನು. ಇಬ್ಬರ ನಡುವೆ ಸ್ನೇಹವಿದ್ದಷ್ಟೇ ಪೈಪೋಟಿಯೂ ಇದ್ದಿತು. ಇದನ್ನು ಕಂಡು ವಿಲ್ಬರನಿಗೆ ಕಳವಳವಾಯಿತು. ಅವನು ಆ ವರ್ಷದ ಸೆಪ್ಟೆಂಬರಿನಲ್ಲಿ ಹಾಕ್ಸಿಗೆ ಕಾಗದ ಬರೆದು, ಯಾವ ಚಮತ್ಕಾರವೂ ಬೇಡ, ದಿನಕ್ಕೆ ಹತ್ತು ಹದಿನೈದು ನಿಮಿಷ ಸರಳವಾಗಿ ಹಾರಿದರೆ ಸಾಕು, ಪ್ರೇಕ್ಷಕರ ಚಾವಡಿಯಿಂದ ದೂರವಿದ್ದು 300 ಅಡಿಗಿಂತ ಮೇಲಕ್ಕೆ ಹೋಗಬಾರದು ಎಂದು ಎಚ್ಚರಿಸಿದನು.

ಆ 300 ಅಡಿಯ ಮಿತಿಯು ಎಷ್ಟು ದಿನ ನಿಂತಿತೆಂಬುದನ್ನು ನೋಡೋಣ. ಅಕ್ಟೋಬರ್ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಬೆಲ್‌ಮಾಂಟ್ ಮೈದಾನದಲ್ಲಿ ನಡೆದ ಮೇಳದಲ್ಲಿ ಇಬ್ಬರೂ ಎತ್ತರದ ಪಂದ್ಯಕ್ಕೆ ಹಾರಿದರು. ಒಂದು ದಿನ ಮೇಲೆ ಬೀಸುತ್ತಿದ್ದ ಗಾಳಿಯ ವೇಗವು ಅವರ ಯಂತ್ರಗಳ ವೇಗವನ್ನೂ ಮೀರಿದ್ದಿತು. ಯಂತ್ರಗಳು ಮೂತಿಯನ್ನು ಮುಂದಕ್ಕೆ ಮಾಡಿಕೊಂಡು ಹಿಂದುಹಿಂದಕ್ಕೆ ತೇಲಿಹೋಗುವುದನ್ನು ಜನರು ಬೆರಗಾಗಿ ನೋಡಿದರು. ಇಬ್ಬರೂ ಹಲವು ಮೈಲಿಗಳಾಚೆ ಯಾವುದೋ ಹೊಲಗಳಲ್ಲಿ ಇಳಿದು ಬದುಕಿಕೊಂಡರು. ಅಕ್ಟೋಬರ್ 31ರಂದು ಜಾನ್‌ಸ್ಟನ್ನನು 9,714 ಅಡಿ ಏರಿ ಲೋಕದ ದಾಖಲೆಯನ್ನು ಸ್ಥಾಪಿಸಿದನು.

ಅದಾಗಿ ಹದಿನೇಳು ದಿನಗಳಿಗೆ, ನವೆಂಬರ್ 17ರಂದು, ಅವನು ಡೆನ್ವರ್ ನಗರದಲ್ಲಿ ಹಾರುತ್ತಿದ್ದನು. ಸಮುದ್ರಮಟ್ಟಕ್ಕಿಂತ ಒಂದು ಮೈಲಿ ಎತ್ತರದಲ್ಲಿರುವ ಆ ಊರಿನಲ್ಲಿ ಗಾಳಿಯು ತೆಳುವಾದದ್ದು. ರೆಕ್ಕೆಗಳಿಗೆ ದೊರೆಯುವ ಆಧಾರವು ಕಡಿಮೆ. ಜಾನ್‌ಸ್ಟನ್ನನಿಗೆ ಪ್ರಿಯವಾದ ಆಟವೆಂದರೆ ಸುರುಳಿ ಸುರುಳಿಯಾಗಿ ಸುತ್ತುತ್ತ ಕಡಿದಾಗಿ ಇಳಿಯುವುದು. ಅದನ್ನು ಮಾಡುತ್ತಿದ್ದಾಗ ರೆಕ್ಕೆಯ ಒಂದು ತುದಿಯು ಮಡಿಸಿಕೊಂಡಿತು. ಅವನು ಆಸನದಿಂದ ಎದ್ದು ಕಂಬವನ್ನು ಹಿಡಿದುಕೊಂಡು, ಮುರಿದ ರೆಕ್ಕೆಯನ್ನು ಕೈಯಿಂದಲೇ ತಿರುಚಿ ಸರಿಪಡಿಸಲು ಹೆಣಗುತ್ತಿದ್ದುದನ್ನು ಕೆಳಗಿದ್ದವರು ಕಂಡರು. ನೆಲವನ್ನು ಮುಟ್ಟುವವರೆಗೂ ಅವನು ಆ ಪ್ರಯತ್ನವನ್ನು ಬಿಡಲಿಲ್ಲ.

ಮುಂದೆ ನಡೆದುದನ್ನು ಹೇಳಲು ನಾಲಗೆ ಹಿಂಜರಿಯುತ್ತದೆ. ಜನರು ಬೇಲಿಯನ್ನು ಹಾರಿ ಓಡಿದರು. ಆದರೆ ಬಹು ಮಂದಿ ಓಡಿದುದು ಸಹಾಯಕ್ಕಲ್ಲ. ಮುರಿದ ಮರದ ಚೂರುಗಳನ್ನು, ಬಟ್ಟೆಯ ತುಂಡುಗಳನ್ನು, ಸತ್ತವನ ಕೈಚೀಲಗಳನ್ನು ಸಹ ನೆನಪಿನ ಕುರುಹುಗಳೆಂದು ಕಿತ್ತುಕೊಂಡು ಮನೆಗೆ ಒಯ್ದರೆಂದು ಆ ಕಾಲದ ವರದಿಗಳು ಹೇಳುತ್ತವೆ. ಇದರ ಅಸಹ್ಯವು ಎಲ್ಲರಿಗೂ ತಿಳಿಯುತ್ತದೆ. ಅದರಿಂದಾದ ಇನ್ನೊಂದು ನಷ್ಟವು ಅಷ್ಟು ಬೇಗ ಹೊಳೆಯುವುದಿಲ್ಲ. ಆ ರೆಕ್ಕೆಯು ಎಲ್ಲಿ ಮುರಿಯಿತು, ಯಾವ ತಂತಿ ಮೊದಲು ಸಡಿಲಿತು ಎಂಬುದನ್ನು ಹೇಳಬಲ್ಲ ಸಾಕ್ಷಿಗಳು ಆ ಚೂರುಗಳೇ ಆಗಿದ್ದವು. ಒಬ್ಬ ಮನುಷ್ಯನು ಪ್ರಾಣವನ್ನು ಕೊಟ್ಟು ಬರೆದ ಪಾಠದ ಹಾಳೆಗಳನ್ನು ಹರಿದು ಹಂಚಿಕೊಂಡಂತಾಯಿತು.

ಹಾಕ್ಸಿಯ ಸರದಿಯೂ ದೂರವಿರಲಿಲ್ಲ. ಡಿಸೆಂಬರ್ 26ರಂದು ಅವನು ಲಾಸ್ ಏಂಜಲೀಸಿನಲ್ಲಿ 11,474 ಅಡಿ ಏರಿ ಗೆಳೆಯನ ದಾಖಲೆಯನ್ನು ಮೀರಿದನು. ಐದು ದಿನಗಳ ಮೇಲೆ, ವರ್ಷದ ಕಡೆಯ ದಿನ, ಅದೇ ಮೈದಾನದಲ್ಲಿ ಬಿದ್ದು ಸತ್ತನು. ಅದೇ ದಿನ ಬೆಳಗ್ಗೆ ನ್ಯೂ ಆರ್ಲಿಯನ್ಸಿನ ಬಳಿ ಜಾನ್ ಮೊಯ್ಸಾಂಟನು ಇಳಿಯುತ್ತಿದ್ದಾಗ ಗಾಳಿಯ ಹೊಡೆತಕ್ಕೆ ಸಿಕ್ಕಿ, ಆಸನದಿಂದ ಹೊರಕ್ಕೆ ಎಸೆಯಲ್ಪಟ್ಟು ಮಡಿದನು. ಈ ಮೊಯ್ಸಾಂಟನು ಆ ವರ್ಷದ ಆಗಸ್ಟಿನಲ್ಲಿ ತನ್ನ ಯಂತ್ರಗಾರನನ್ನೂ ಒಂದು ಬೆಕ್ಕಿನ ಮರಿಯನ್ನೂ ಕೂರಿಸಿಕೊಂಡು ಇಂಗ್ಲಿಷ್ ಕಡಲುಗಾಲುವೆಯನ್ನು ದಾಟಿದವನು. ಸಹಪ್ರಯಾಣಿಕನೊಡನೆ ಅದನ್ನು ದಾಟಿದವರಲ್ಲಿ ಮೊದಲಿಗನು.

ಈ ಮರಣಗಳಿಗೆ ಅಂದಿನವರು ಕೊಟ್ಟ ಕಾರಣವು ವಿಚಿತ್ರವಾದದ್ದು. ಆಕಾಶದಲ್ಲಿ ಅಲ್ಲಲ್ಲಿ ಗಾಳಿಯೇ ಇಲ್ಲದ ಗುಂಡಿಗಳಿವೆ, ವಿಮಾನವು ಅವುಗಳೊಳಕ್ಕೆ ಕುಸಿಯುತ್ತದೆ ಎಂದು ಪತ್ರಿಕೆಗಳು ಬರೆದವು. ಅನೇಕ ವೈಮಾನಿಕರೂ ಹಾಗೆಯೇ ನಂಬಿದ್ದರು. ವಾಸ್ತವವಾಗಿ ಅಂತಹ ಗುಂಡಿಗಳಿಲ್ಲ. ಏಳುವ ಗಾಳಿ, ಇಳಿಯುವ ಗಾಳಿಗಳಿವೆ. ಅದಕ್ಕಿಂತಲೂ ಅಪಾಯಕರವಾದದ್ದು ಇನ್ನೊಂದು. ರೆಕ್ಕೆಯು ಗಾಳಿಯನ್ನು ಸೀಳುವ ಕೋನವು ಒಂದು ಮಿತಿಯನ್ನು ದಾಟಿದರೆ, ಅದರ ಮೇಲ್ಭಾಗದಲ್ಲಿ ನಯವಾಗಿ ಹರಿಯುತ್ತಿದ್ದ ಗಾಳಿಯು ಕಿತ್ತುಹೋಗಿ, ಎತ್ತಿ ಹಿಡಿಯುವ ಶಕ್ತಿಯು ಒಮ್ಮೆಗೇ ಕುಗ್ಗುತ್ತದೆ. ಯಂತ್ರವು ಕುಸಿಯುತ್ತಿದೆಯೆಂದು ಕಂಡೊಡನೆ ಮನುಷ್ಯನು ಸ್ವಭಾವದಿಂದಲೇ ಮೂತಿಯನ್ನು ಮೇಲಕ್ಕೆಳೆಯುತ್ತಾನೆ. ಹಾಗೆ ಎಳೆದಷ್ಟೂ ಕೋನವು ಹೆಚ್ಚಿ ಕುಸಿತವು ಬಲಿಯುತ್ತದೆ. ಬದುಕಬೇಕೆಂಬ ಪ್ರಯತ್ನವೇ ಸಾಯಿಸುವ ಕೈಯಾಗುತ್ತದೆ. ಇದನ್ನು ಆಗ ಬಲ್ಲವರು ತೀರ ವಿರಳ.

1911ರ ನವೆಂಬರಿನಲ್ಲಿ ರೈಟ್ ಸಹೋದರರು ತಮ್ಮ ತಂಡವನ್ನು ಮುಚ್ಚಿಬಿಟ್ಟರು. ಅದರಲ್ಲಿ ಹಾರಿದ್ದ ಫಿಲಿಪ್ ಪಾರ್ಮಲಿ ಮತ್ತು ವೆಲ್ಷ್ ಎಂಬಿಬ್ಬರು ಮರುವರ್ಷದ ಜೂನ್ ತಿಂಗಳೊಂದರಲ್ಲಿಯೇ, ಒಬ್ಬನು ಪ್ರದರ್ಶನದಲ್ಲಿ, ಇನ್ನೊಬ್ಬನು ಸೈನ್ಯದ ಪರೀಕ್ಷೆಯಲ್ಲಿ, ಮಡಿದರು.

ಈ ವೃತ್ತಿಯಿಂದ ಉಪಯೋಗವೇ ಆಗಲಿಲ್ಲವೆಂದಲ್ಲ. ಕರ್ಟಿಸನ ತಂಡದ ಯೂಜೀನ್ ಈಲಿಯು 1910ರ ನವೆಂಬರ್ 14ರಂದು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಯ ಮೇಲಿನಿಂದ ವಿಮಾನವನ್ನು ಹಾರಿಸಿದನು. ಚಕ್ರಗಳು ನೀರನ್ನು ತಾಕಿದರೂ ಯಂತ್ರವು ಏರಿತು. 1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯ ಎಂಬ ನೌಕೆಯ ಮೇಲೆ ಇಳಿದೂ ತೋರಿಸಿದನು. ನೌಕೆಯ ಹಲಗೆಯ ಮೇಲೆ ಅಡ್ಡಲಾಗಿ 22 ಹಗ್ಗಗಳನ್ನು ಹಾಸಿ, ಒಂದೊಂದರ ಎರಡು ತುದಿಗಳಿಗೂ ಮರಳಿನ ಚೀಲಗಳನ್ನು ಕಟ್ಟಿದ್ದರು. ವಿಮಾನದ ಅಡಿಯ ಕೊಕ್ಕೆಗಳು ಹಗ್ಗಗಳನ್ನು ಹಿಡಿದು ಓಟವನ್ನು ತಡೆದವು. ನೀರಿಗೆ ಬಿದ್ದರೆ ತೇಲಲೆಂದು ಈಲಿಯು ಬೈಸಿಕಲ್ಲಿನ ಗಾಳಿಕೊಳವೆಗಳನ್ನು ಮೈಗೆ ಸುತ್ತಿಕೊಂಡಿದ್ದನು! ಇಂದು ವಿಮಾನಗಳನ್ನು ಹೊತ್ತು ಸಾಗುವ ಮಹಾನೌಕೆಗಳ ಮೂಲವು ಈ ಹಗ್ಗ ಮರಳುಗಳಲ್ಲಿದೆ.

ನಮ್ಮ ದೇಶದಲ್ಲಿಯೂ ಇಂತಹ ಒಂದು ಸಂಗತಿಯು ಅದೇ ಕಾಲಕ್ಕೆ ನಡೆಯಿತು. ಅಲಹಾಬಾದಿನ ವಸ್ತುಪ್ರದರ್ಶನದಲ್ಲಿ ವಿಮಾನವನ್ನು ತೋರಿಸಲೆಂದು ಬಂದಿದ್ದ ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣನು 1911ರ ಫೆಬ್ರವರಿ 18ರಂದು ಸುಮಾರು 6,500 ಕಾಗದಗಳನ್ನು ಹೊತ್ತು ಯಮುನೆಯನ್ನು ದಾಟಿ, ಆರು ಮೈಲಿಗಳಾಚೆಯ ನೈನಿಯಲ್ಲಿ ಇಳಿಸಿದನು. ಲೋಕದಲ್ಲಿ ಸರ್ಕಾರದ ಅಂಚೆಯು ವಿಮಾನದಲ್ಲಿ ಪ್ರಯಾಣ ಮಾಡಿದುದು ಅದೇ ಮೊದಲು. ಆಟಕ್ಕೆಂದು ಬಂದ ಯಂತ್ರವು ಗಂಗಾಯಮುನೆಗಳ ಸಂಗಮದ ಊರಿನಲ್ಲಿ ಕೆಲಸದ ಯಂತ್ರವಾಯಿತು.

ಆದರೆ ಸಂಬಳವು ಬರುತ್ತಿದ್ದುದು ಆಟದಿಂದಲೇ. ನೌಕಾಸೈನ್ಯಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದ ಈಲಿಯು ಅಲ್ಲಿ ಕೆಲಸ ದೊರೆಯಲೆಂದು ಆಶಿಸುತ್ತ, ಪ್ರದರ್ಶನಗಳಿಗೆ ಮರಳಿದನು. 1911ರ ಅಕ್ಟೋಬರ್ 19ರಂದು ಮೇಕನ್ ಎಂಬ ಊರಿನಲ್ಲಿ, ಮೇಲಿನಿಂದ ಎರಗಿದ ಯಂತ್ರವನ್ನು ಸಕಾಲದಲ್ಲಿ ಎತ್ತಲಾರದೆ ಮಡಿದನು. ಇನ್ನು ಎರಡು ದಿನಗಳಿದ್ದಿದ್ದರೆ ಅವನಿಗೆ 25 ವರ್ಷ ತುಂಬುತ್ತಿದ್ದಿತು. ಅಲ್ಲಿಯೂ ಜನರು ಅವನ ಕೈಚೀಲ, ಕೊರಳಪಟ್ಟಿ, ಟೋಪಿಗಳನ್ನು ಎತ್ತಿಕೊಂಡು ಹೋದರು.

ಈ ಪಂಗಡದ ಚಕ್ರವರ್ತಿಯೆಂದು ಎಲ್ಲರೂ ಒಪ್ಪಿದವನು ಲಿಂಕನ್ ಬೀಚಿ. ಅವನು 1887ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ವಾಯುನೌಕೆಯನ್ನು ನಡೆಸಿದನು. ಕರ್ಟಿಸನ ಬಳಿಗೆ ಬಂದು ಮೊದಮೊದಲು ಯಂತ್ರಗಳನ್ನು ಮುರಿದರೂ, ಬೇಗನೆ ಯಾರಿಗೂ ಸಾಟಿಯಿಲ್ಲದವನಾದನು. ಹಾರುವಾಗ ಚರ್ಮದ ಅಂಗಿಯನ್ನು ತೊಡದೆ, ಕಚೇರಿಗೆ ಹೊರಟವನಂತೆ ಸೂಟು ಧರಿಸಿ, ಕೊರಳಪಟ್ಟಿ ಕಟ್ಟಿ, ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದನು. 1911ರ ಜೂನ್ 27ರಂದು ಅವನು ನಯಾಗರ ಜಲಪಾತದ ಮೇಲೆ ಹಾರಿ, ನೀರು ಧುಮುಕುವ ಅಂಚಿನಲ್ಲಿ ಕೆಳಕ್ಕೆ ಎರಗಿ, ತುಂತುರಿನ ಮಂಜಿನೊಳಗೆ ಮರೆಯಾಗಿ, ಕಮರಿಯ ಕಬ್ಬಿಣದ ಸೇತುವೆಯ ಕೆಳಗೆ ತೂರಿ ಆಚೆ ಬಂದನು. ಅದೇ ಆಗಸ್ಟಿನಲ್ಲಿ ಷಿಕಾಗೋ ನಗರದ ಮೇಳದಲ್ಲಿ, ಪೆಟ್ರೋಲು ಪೂರ್ತಿಯಾಗಿ ತೀರಿ ಎಂಜಿನು ನಿಲ್ಲುವವರೆಗೂ ಏರಿ, 11,642 ಅಡಿ ಮುಟ್ಟಿ, ಅಲ್ಲಿಂದ ಎಂಜಿನಿಲ್ಲದೆಯೇ ತೇಲಿಕೊಂಡು ನೆಲಕ್ಕೆ ಇಳಿದನು.

ಬೀಚಿಯ ಕೈಯಲ್ಲಿ ಇದು ಕಲೆಯಾಗಿದ್ದಿತು. ಅವನನ್ನು ನೋಡಿ ಕಲಿತೆವೆಂದುಕೊಂಡ ಕಿರಿಯರ ಕೈಯಲ್ಲಿ ಅದೇ ಮೃತ್ಯುವಾಯಿತು. ಅವನು ನೇರವಾಗಿ ಕೆಳಕ್ಕೆರಗಿ ಕೊನೆಯ ಗಳಿಗೆಯಲ್ಲಿ ಯಂತ್ರವನ್ನು ಎತ್ತುತ್ತಿದ್ದುದು ಎಲ್ಲರಿಗೂ ಕಾಣುತ್ತಿದ್ದಿತು. ಎಷ್ಟು ಮೆಲ್ಲಗೆ ಎತ್ತಬೇಕು, ರೆಕ್ಕೆಯು ಎಷ್ಟನ್ನು ತಾಳೀತು ಎಂದು ಅವನ ಬೆರಳುಗಳು ಅರಿತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ. ಅವನ ಆಟಗಳನ್ನು ಅನುಕರಿಸಹೋಗಿ ಒಬ್ಬರಾದ ಮೇಲೊಬ್ಬರು ಸತ್ತರು. 1913ರ ಮೇ ತಿಂಗಳಲ್ಲಿ ಬೀಚಿಯು ಇನ್ನು ಹಾರುವುದಿಲ್ಲವೆಂದು ಸಾರಿಬಿಟ್ಟನು. ಜನರು ತನ್ನ ಬಳಿಗೆ ಬರುವುದು ತಾನು ಸಾಯುವುದನ್ನು ನೋಡುವುದಕ್ಕೆ ಎಂದೂ, ಗೆಳೆಯರ ಸಾವಿಗೆ ತನ್ನ ಮಾದರಿಯೇ ಕಾರಣವೆಂದೂ ಅವನು ಹೇಳಿಕೊಂಡನು.

ಆದರೆ ಆಕಾಶದ ಸೆಳೆತವು ಅವನನ್ನು ಬಿಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ರಷ್ಯದ ಸೇನಾಧಿಕಾರಿ ನೆಸ್ತೆರೋವನು ಕೀವ್ ನಗರದ ಮೇಲೆ ವಿಮಾನವನ್ನು ಮೇಲುಕೆಳಗಾಗಿ ಪೂರ್ತಿ ಒಂದು ಲಾಗ ಹಾಕಿಸಿದನು. ಸರ್ಕಾರದ ಸೊತ್ತನ್ನು ಅಪಾಯಕ್ಕೊಡ್ಡಿದನೆಂದು ಅವನಿಗೆ ಮೊದಲು ದೊರೆತದ್ದು ಬಂಧನದ ಶಿಕ್ಷೆ! ಕೆಲವೇ ದಿನಗಳಲ್ಲಿ ಫ್ರಾನ್ಸಿನ ಪೆಗೂ ಎಂಬವನೂ ಅದನ್ನು ಸಾಧಿಸಿದನು. ಸುದ್ದಿಯನ್ನು ಕೇಳಿದ ಬೀಚಿಯು ಮತ್ತೆ ಯಂತ್ರವನ್ನು ಹತ್ತಿದನು. ಅಕ್ಟೋಬರ್ 7ರಂದು ಹ್ಯಾಮಂಡ್ಸ್‌ಪೋರ್ಟಿನಲ್ಲಿ ಅವನ ವಿಮಾನವು ಸೂರಿನ ಮೇಲೆ ಕುಳಿತು ನೋಡುತ್ತಿದ್ದವರನ್ನು ಸವರಿ, ಒಬ್ಬ ತರುಣಿಯು ಮರಣ ಹೊಂದಿದಳು. ಆದರೂ ನವೆಂಬರಿನಲ್ಲಿ ಅವನು ಲಾಗವನ್ನು ಸಾಧಿಸಿದನು. ಮರುವರ್ಷವೆಲ್ಲ ಊರೂರು ತಿರುಗಿ ಅದನ್ನು ತೋರಿಸಿದನು. 1914ರ ಸೆಪ್ಟೆಂಬರಿನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಅಧಿಕಾರ ಭವನಗಳ ಮೇಲೆಯೇ ಎರಗಿ, ವಿಮಾನಬಲವನ್ನು ಕಡೆಗಣಿಸಿದ್ದ ದೇಶದ ದೊಡ್ಡವರನ್ನು ಬೆಚ್ಚಿಬೀಳಿಸಿದನು.

1915ರ ಮಾರ್ಚ್ 14ರಂದು ಅವನ ಹುಟ್ಟೂರಿನ ಮಹಾ ವಸ್ತುಪ್ರದರ್ಶನದಲ್ಲಿ ಕೊನೆಯ ಆಟ. ಅವನಿಗೆ 28 ವರ್ಷ ತುಂಬಿ ಹನ್ನೊಂದು ದಿನಗಳಾಗಿದ್ದವು. ಅಂದು ಅವನು ಹತ್ತಿದ್ದು ಹಳೆಯ ಎರಡು ರೆಕ್ಕೆಸಾಲಿನ ಯಂತ್ರವನ್ನಲ್ಲ, ಒಂದೇ ಸಾಲಿನ ಹೊಸ ಯಂತ್ರವನ್ನು. ಅದು ನಯವಾದದ್ದು, ಬಹು ವೇಗದ್ದು. ಕೊಲ್ಲಿಯ ಮೇಲೆ ತಲೆಕೆಳಗಾಗಿ ಹಾರಿ, ಕೆಳಕ್ಕೆ ಎರಗಿ, ಯಂತ್ರವನ್ನು ಎತ್ತುವಾಗ ರೆಕ್ಕೆಗಳು ಕಳಚಿಹೋದವು. ವೇಗವು ಎರಡರಷ್ಟಾದರೆ ರೆಕ್ಕೆಯ ಮೇಲೆ ಬೀಳಬಹುದಾದ ಭಾರವು ನಾಲ್ಕರಷ್ಟಾಗುತ್ತದೆ. ನಿಧಾನವಾದ ಯಂತ್ರದ ಮೇಲೆ ಪಳಗಿದ ಬೆರಳುಗಳ ಲೆಕ್ಕವು ಹೊಸ ಯಂತ್ರದ ಮೇಲೆ ತಪ್ಪಿತು. ನೀರಿನ ತಳದಿಂದ ಅವನ ದೇಹವನ್ನು ಮುಳುಗುಗಾರನು ಮೇಲಕ್ಕೆ ತಂದನು. ಅವನು ಬಿದ್ದ ಪೆಟ್ಟಿಗೆ ಸತ್ತಿರಲಿಲ್ಲ, ನೀರಿನಲ್ಲಿ ಮುಳುಗಿ ಸತ್ತನೆಂದು ವೈದ್ಯರ ಪರೀಕ್ಷೆಯಿಂದ ತಿಳಿಯಿತು.

ಅಂದು ನೆರೆದಿದ್ದ ಹತ್ತಾರು ಸಾವಿರ ಜನರನ್ನು ದೂಷಿಸುವುದು ನಮಗೆ ಸುಲಭ. ಆದರೆ ನಮ್ಮ ಊರಿನ ಬೀದಿಗಳಲ್ಲಿ ದೊಂಬರಾಟವನ್ನು ನೋಡಿದವರೆಲ್ಲರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಹಗ್ಗದ ಮೇಲಿನ ಹುಡುಗಿಯು ತೂಗಿದಾಗ ಡೋಲಿನವನು ಬಡಿತವನ್ನು ನಿಲ್ಲಿಸುತ್ತಾನೆ, ನಮ್ಮ ಉಸಿರೂ ನಿಲ್ಲುತ್ತದೆ. ಆಕೆ ಬೀಳಲೆಂದು ನಾವು ಬಯಸುವುದಿಲ್ಲ, ನಿಜ. ಬೀಳುವ ಸಂಭವವೇ ಇಲ್ಲದಿದ್ದರೆ ನಾವು ನಿಂತು ನೋಡುತ್ತಿದ್ದೆವೇ? ಬೀಚಿಯ ಆರೋಪಕ್ಕೆ ಪ್ರೇಕ್ಷಕರಲ್ಲಿ ಪೂರ್ತಿಯಾಗಿ ನಿರಪರಾಧಿಗಳಾದವರು ಬಹು ಮಂದಿ ಇರಲಾರರು.

ಹಾಗಾದರೆ ಈ ಸಾವುಗಳಿಂದ ಜ್ಞಾನವು ಬರಲಿಲ್ಲವೆ? ಇದಕ್ಕೆ ಉತ್ತರವಾಗಿ, ಸ್ವಲ್ಪ ಹಿಂದಕ್ಕೆ ಸರಿದು, ಪ್ರದರ್ಶನಕ್ಕೆ ಸೇರದ ಒಂದು ಘಟನೆಯನ್ನು ಹೇಳಬೇಕು. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನಲ್ಲಿ ಸೈನ್ಯದ ವಿಮಾನಪರೀಕ್ಷೆಗಳು ನಡೆಯುತ್ತಿದ್ದವು. ವಿಲ್ಫ್ರಿಡ್ ಪಾರ್ಕ್ ಎಂಬ ನೌಕಾಸೈನ್ಯದ ಅಧಿಕಾರಿಯು ಮೂರು ಗಂಟೆಗಳ ಹಾರಾಟವನ್ನು ಮುಗಿಸಿ ಸುತ್ತುತ್ತ ಇಳಿಯುವಾಗ ಯಂತ್ರವು ಕುಸಿದು, ಬುಗುರಿಯಂತೆ ಗಿರಗಿರನೆ ತಿರುಗುತ್ತ ಬೀಳತೊಡಗಿತು. ಅವನು ಎಂಜಿನಿಗೆ ವೇಗವನ್ನು ಕೊಟ್ಟನು, ಪ್ರಯೋಜನವಾಗಲಿಲ್ಲ. ಮೂತಿಯನ್ನು ಎತ್ತಲೆಳಸಿದನು, ಪ್ರಯೋಜನವಾಗಲಿಲ್ಲ. ತಿರುಗುತ್ತಿದ್ದ ದಿಕ್ಕಿಗೇ ಚುಕ್ಕಾಣಿಯನ್ನು ಒತ್ತಿದನು, ಅದೂ ವ್ಯರ್ಥ. ಕಡೆಯದಾಗಿ ಚುಕ್ಕಾಣಿಯನ್ನು ಪೂರ್ತಿಯಾಗಿ ವಿರುದ್ಧ ದಿಕ್ಕಿಗೆ ಒತ್ತಿದೊಡನೆ ತಿರುಗುವಿಕೆಯು ನಿಂತಿತು; ಯಂತ್ರವು ಹತೋಟಿಗೆ ಬಂದಾಗ ನೆಲಕ್ಕೆ ಸುಮಾರು 50 ಅಡಿಗಳಷ್ಟೇ ಉಳಿದಿದ್ದವು.

ಜಾನ್‌ಸ್ಟನ್ನನ ಪತನಕ್ಕೂ ಪಾರ್ಕನ ಪತನಕ್ಕೂ ಇದ್ದ ಭೇದವು ಧೈರ್ಯದಲ್ಲಲ್ಲ, ಕೆಳಗೆ ನಿಂತಿದ್ದವರಲ್ಲಿ. ಸಾಲಿಸ್‌ಬರಿಯಲ್ಲಿ ನಿಂತು ನೋಡುತ್ತಿದ್ದವರು ವಿಮಾನವನ್ನು ಬಲ್ಲವರು. ಪಾರ್ಕನು ಇಳಿದ ಮೇಲೆ ಅವನು ಯಾವ ಕ್ಷಣದಲ್ಲಿ ಏನು ಮಾಡಿದನು, ಯಂತ್ರವು ಏನು ಮಾಡಿತು ಎಂಬುದನ್ನೆಲ್ಲ ಅವನ ಬಾಯಿಂದ ಕೇಳಿ, ತಾವು ಕಂಡುದರೊಡನೆ ಹೋಲಿಸಿ, ಪತ್ರಿಕೆಯಲ್ಲಿ ವಿವರವಾಗಿ ಪ್ರಕಟಿಸಿದರು. ಅಂದಿನಿಂದ ಆ ಕೆಲವು ಕ್ಷಣಗಳ ಅನುಭವವು ಒಬ್ಬನ ಅದೃಷ್ಟವಾಗಿ ಉಳಿಯದೆ ಎಲ್ಲರ ವಿದ್ಯೆಯಾಗತೊಡಗಿತು. ಪಾರ್ಕನೂ ಅದೇ ಡಿಸೆಂಬರಿನಲ್ಲಿ ಬೇರೊಂದು ಅಪಘಾತದಲ್ಲಿ ಮಡಿದನು. ಆದರೆ ತಿರುಗುವಿಕೆಗೆ ವಿರುದ್ಧವಾಗಿ ಚುಕ್ಕಾಣಿಯನ್ನು ಒತ್ತುವುದು ಇಂದಿಗೂ ವೈಮಾನಿಕರ ಪಾಠಗಳಲ್ಲಿ ಉಳಿದಿದೆ.

ಬರೆದಿಡದ, ವಿಚಾರಿಸದ ಪಾಠವು ಎಷ್ಟು ನಿಧಾನವಾಗಿ ತಲೆಗೆ ಹತ್ತುತ್ತದೆಂಬುದಕ್ಕೆ ಸೊಂಟಪಟ್ಟಿಯೇ ಸಾಕ್ಷಿ. ಮೊಯ್ಸಾಂಟನು ಆಸನದಿಂದ ಎಸೆಯಲ್ಪಟ್ಟುದು 1910ರಲ್ಲಿ. ಅಮೆರಿಕದ ಹೆಂಗಸರಲ್ಲಿ ಮೊದಲು ವೈಮಾನಿಕ ಪರವಾನಗಿಯನ್ನು ಪಡೆದ ಹ್ಯಾರಿಯೆಟ್ ಕ್ವಿಂಬಿಯು 1912ರ ಏಪ್ರಿಲ್ 16ರಂದು ಇಂಗ್ಲಿಷ್ ಕಡಲುಗಾಲುವೆಯನ್ನು ಒಬ್ಬಳೇ ದಾಟಿದಳು. ಹಿಂದಿನ ದಿನ ಮುಳುಗಿದ್ದ ಟೈಟಾನಿಕ್ ಹಡಗಿನ ಸುದ್ದಿಯಲ್ಲಿ ಆಕೆಯ ಕೀರ್ತಿಯೂ ಮುಳುಗಿತು. ಅದೇ ಜುಲೈ 1ರಂದು ಬಾಸ್ಟನ್ನಿನ ಮೇಳದಲ್ಲಿ ಆಕೆಯೂ ಜೊತೆಗಿದ್ದವನೂ ಆಸನಗಳಿಂದ ಎಸೆಯಲ್ಪಟ್ಟು ಸಾವಿರಾರು ಜನರ ಕಣ್ಣೆದುರಿಗೆ ಸತ್ತರು. ಒಂದು ಗೇಣು ಚರ್ಮದ ಪಟ್ಟಿಯಿದ್ದಿದ್ದರೆ ಬದುಕುತ್ತಿದ್ದರೋ ಏನೋ! ವಿಮಾನವನ್ನು ತಲೆಕೆಳಗಾಗಿ ಹಾರಿಸಬೇಕೆಂದ ಪೆಗೂ ಮಾತ್ರ ತನ್ನನ್ನು ಭುಜಗಳ ಸಮೇತ ಬಿಗಿಯಾಗಿ ಕಟ್ಟಿಕೊಂಡನು.

ಹದಿನಾಲ್ಕು ವರ್ಷಗಳ ಮೇಲೆಯೂ ಅದೇ ಕಥೆ. ಕರಿಯ ಜನಾಂಗದ ಬೆಸ್ಸಿ ಕೋಲ್ಮನ್ನಳಿಗೆ ಅಮೆರಿಕದ ಯಾವ ವಿಮಾನಶಾಲೆಯೂ ಪ್ರವೇಶ ಕೊಡಲಿಲ್ಲ. ಆಕೆ ಫ್ರೆಂಚ್ ಭಾಷೆಯನ್ನು ಕಲಿತು, ಫ್ರಾನ್ಸಿಗೆ ಹೋಗಿ, 1921ರ ಜೂನ್ 15ರಂದು ಪರವಾನಗಿಯನ್ನು ಪಡೆದಳು. ತನ್ನವರಿಗಾಗಿ ಒಂದು ವಿಮಾನಶಾಲೆಯನ್ನು ತೆರೆಯಬೇಕೆಂಬುದು ಆಕೆಯ ಹಂಬಲ. ಅದಕ್ಕೆ ಬೇಕಾದ ಹಣಕ್ಕಾಗಿ ಪ್ರದರ್ಶನಗಳಲ್ಲಿ ಹಾರಿದಳು. ಕರಿಯರನ್ನು ಬೇರೆ ಬಾಗಿಲಿನಿಂದ ಬಿಡುವುದಾದರೆ ತಾನು ಹಾರುವುದಿಲ್ಲವೆಂದು ಹಟ ಹಿಡಿದಳು; ಇದೂ ಒಂದು ಸಾಹಸವೇ. 1926ರ ಏಪ್ರಿಲ್ 30ರಂದು, ಮರುದಿನ ಕೊಡೆಯಿಂದ ಧುಮುಕಬೇಕಾಗಿದ್ದ ನೆಲವನ್ನು ಬಗ್ಗಿ ನೋಡಲೆಂದು ಪಟ್ಟಿಯನ್ನು ಕಟ್ಟಿಕೊಳ್ಳದೆ ಕುಳಿತಿದ್ದಳು. ಮರೆತು ಬಿಟ್ಟಿದ್ದ ಒಂದು ಸ್ಪಾನರು ಯಂತ್ರದ ಭಾಗಗಳಲ್ಲಿ ಸಿಕ್ಕಿಕೊಂಡು ವಿಮಾನವು ಮಗುಚಿತು. ಆಕೆ ಹೊರಕ್ಕೆ ಬಿದ್ದು ಸತ್ತಳು.

ಅದಾಗಿ ಇಪ್ಪತ್ತು ದಿನಗಳಿಗೆ, ಮೇ 20ರಂದು, ಅಮೆರಿಕದಲ್ಲಿ ವಿಮಾನ ವಾಣಿಜ್ಯದ ಶಾಸನವು ಜಾರಿಗೆ ಬಂದಿತು. ವೈಮಾನಿಕನಿಗೆ ಪರವಾನಗಿಯಿರಬೇಕು, ಯಂತ್ರವನ್ನು ಪರೀಕ್ಷಿಸಿರಬೇಕು ಎಂದುದಲ್ಲದೆ, ಅಪಘಾತಗಳ ಕಾರಣವನ್ನು ಸರ್ಕಾರವು ವಿಚಾರಿಸಿ, ಬರೆದಿಟ್ಟು, ಬಹಿರಂಗಪಡಿಸಬೇಕೆಂದು ಅದು ವಿಧಿಸಿತು. ಈ ಕೊನೆಯ ಮಾತು ನೋಡುವುದಕ್ಕೆ ಕಚೇರಿಯ ಮಾತಿನಂತಿದೆ. ಆದರೆ ಡೆನ್ವರಿನಲ್ಲಿಯೂ ಮೇಕನ್ನಿನಲ್ಲಿಯೂ ನಡೆದುದನ್ನು ಕೇಳಿದವರಿಗೆ ಅದರ ಬೆಲೆಯು ಗೊತ್ತಾಗದಿರಲಾರದು.

ಇಂದು ಯಾವ ದೇಶದಲ್ಲಿ ವಿಮಾನವು ಬಿದ್ದರೂ, ಗಾಯಗೊಂಡವರನ್ನು ಕಾಪಾಡಿದ ಮೇಲೆ ಮಾಡುವ ಕೆಲಸವೆಂದರೆ ಆ ಸ್ಥಳಕ್ಕೆ ಕಾವಲು ಹಾಕುವುದು. ಒಂದು ಮೊಳೆಯನ್ನೂ ಯಾರೂ ಎತ್ತಿಕೊಂಡು ಹೋಗುವಂತಿಲ್ಲ. ಮುರಿದ ಚೂರುಗಳನ್ನು ಒಂದೊಂದಾಗಿ ಆರಿಸಿ, ಗುರುತು ಹಾಕಿ, ಕೂಡಿಸಿ ನೋಡುತ್ತಾರೆ. ಯಾರನ್ನು ದಂಡಿಸಬೇಕೆಂದಲ್ಲ, ಇನ್ನೊಬ್ಬನು ಅದೇ ರೀತಿ ಬೀಳದಿರಬೇಕೆಂಬುದು ಆ ವಿಚಾರಣೆಯ ಗುರಿ. ಜಾನ್‌ಸ್ಟನ್ನನಿಗೆ ದೊರೆಯದೆ ಹೋದ ಅಂತ್ಯಸಂಸ್ಕಾರವು ಇದೇ ಎಂದು ನಾವು ಭಾವಿಸುತ್ತೇವೆ. ಅವನ ಧೈರ್ಯವನ್ನು ಲೋಕವು ಹಣ ಕೊಟ್ಟು ನೋಡಿತು. ಆ ಧೈರ್ಯದಿಂದ ಕಲಿಯುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು. ವಿಮಾನದಲ್ಲಿ ಕುಳಿತು ಸೊಂಟಪಟ್ಟಿಯನ್ನು ಬಿಗಿದುಕೊಳ್ಳುವಾಗ ಕೇಳುಗರು ಆ ತರುಣರನ್ನು ಒಂದು ಗಳಿಗೆ ನೆನೆದರೆ ಈ ಭಾಷಣವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.